ದೊಡ್ಡಹಬ್ಬದ ಹೊತ್ತಿಗೆ ಹುದುಗು ಪಾನೀಯಗಳ ವಿನಿಮಯ: ಮಲೆನಾಡಿನಲ್ಲಿ ನಡೆಸುವ ಬಗೆ

ಭೂಮಿ ಹುಣ್ಣಿಮೆಯಿಂದ ದೀಪಾವಳಿ ಅಮಾವಾಸ್ಯೆಗೆ ಹದಿನೈದು ದಿನ. ಶುಂಠಿಯ ಹೆಪ್ಪೊಂದನ್ನು ಎಬ್ಬಿಸಿ, ಅದನ್ನು ಪಾನಕಕ್ಕೆ ಬೆರೆಸಿ, ಬಾಟಲಿ ತುಂಬಿ, ತಣ್ಣಗಾಗಿಸಿ ಇನ್ನೊಬ್ಬರ ಕೈಗೆ ಕೊಡಲು ಬೇಕಾಗುವ ಕಾಲವೂ ಹೆಚ್ಚುಕಡಿಮೆ ಇಷ್ಟೇ. ಸಾಗರ, ಸೊರಬದ ಕಡೆ ದೀಪಾವಳಿಯನ್ನು ದೊಡ್ಡಹಬ್ಬವೆಂದೇ ಕರೆಯುತ್ತಾರೆ. ಆ ದಿನಗಳಲ್ಲಿ ಮನೆಗೆ ನೆಂಟರು ಬರುತ್ತಾರೆ, ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಅಂಗಳಕ್ಕೆ ಬರುತ್ತಾರೆ, ಬಂದವರಿಗೆಲ್ಲ ಕುಡಿಯಲು ಏನಾದರೂ ಕೊಡಬೇಕಾಗುತ್ತದೆ. ಮನೆಯಲ್ಲೇ ಹುದುಗಿಸಿದ ಪಾನೀಯಗಳ ಹವ್ಯಾಸವಿರುವ ಏಳೆಂಟು ಮಂದಿ ಸೇರಿ, ಪ್ರತಿಯೊಬ್ಬರೂ ಒಂದೇ ಬಗೆಯ ಪಾನೀಯವನ್ನು ಹೆಚ್ಚಾಗಿ ತಯಾರಿಸಿ, ಒಬ್ಬೊಬ್ಬರಿಗೆ ಒಂದೊಂದು ಬಾಟಲಿಯಂತೆ ಹಂಚಿಕೊಂಡರೆ, ಒಂದು ಬಗೆ ಮಾಡಿದವರ ಮನೆಯಲ್ಲಿ ಹಬ್ಬಕ್ಕೆ ಏಳೆಂಟು ಬಗೆ ಇರುತ್ತವೆ. ಇಂಥ ವಿನಿಮಯವನ್ನು ನಡೆಸುವವರು ನೆನಪಿಡಬೇಕಾದ ಮುಖ್ಯ ಸಂಗತಿ ಒಂದಿದೆ: ಉಪ್ಪಿನಕಾಯಿಯ ಭರಣಿಯನ್ನೋ ಜೋನಿ ಬೆಲ್ಲದ ಡಬ್ಬಿಯನ್ನೋ ಕೊಟ್ಟಂತೆ ಇದನ್ನು ಕೊಟ್ಟು ಮರೆಯುವಂತಿಲ್ಲ. ನಮ್ಮ ಕೈಬಿಟ್ಟ ಮೇಲೂ ಬಾಟಲಿಯೊಳಗಿನ ಹುದುಗು ಕೆಲಸ ಮಾಡುತ್ತಲೇ ಇರುತ್ತದೆ. ಮುಂದೆ ಹೇಳುವ ನಿಯಮಗಳಲ್ಲಿ ಹೆಚ್ಚಿನವು ಈ ಒಂದು ಕಾರಣದಿಂದ ಹುಟ್ಟಿದವು.

ಮೊದಲಿಗೆ ಏನನ್ನು ತರಬಹುದು, ಏನನ್ನು ತರಬಾರದು ಎಂಬುದನ್ನು ಎಲ್ಲರಿಗೂ ಸ್ಪಷ್ಟಪಡಿಸಬೇಕು. ದ್ರಾಕ್ಷಿ ವೈನ್, ಬಿಯರ್, ಜೇನಿನ ಮದ್ಯ ಇವು ಈ ವಿನಿಮಯದಲ್ಲಿ ಬೇಡ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ನಿಷೇಧಿಸುತ್ತದೆ, ಮತ್ತು ಸ್ನೇಹಿತರಿಗೆ ಹಂಚಲೆಂದು ಮಾಡಿದೆ ಎನ್ನುವ ಮಾತು ಪರವಾನಗಿಯಾಗದು. ಶುಂಠಿ ಸೋಡಾ, ಸಿಹಿ ಚಹಾವನ್ನು ಹುದುಗಿಸಿ ಮಾಡುವ ಕೊಂಬುಚಾ, ಅನಾನಸ್ ಸಿಪ್ಪೆಯ ಹುಳಿನೀರು, ಮುರುಗಲು ಸೇರಿಸಿದ ಸೋಡಾ, ರಾಗಿ ಅಂಬಲಿ ಇವು ಬೇಕಾದಷ್ಟಾಯಿತು. ಇವುಗಳಲ್ಲಿಯೂ ಹುದುಗು ಸಕ್ಕರೆಯನ್ನು ತಿಂದಂತೆ ಅಲ್ಪಸ್ವಲ್ಪ ಮದ್ಯಸಾರ ಹುಟ್ಟಿಯೇ ಹುಟ್ಟುತ್ತದೆ. ಹಾಗಾಗಿ ಹುದುಗುವ ಅವಧಿಯನ್ನು ಚಿಕ್ಕದಾಗಿಡುವುದು, ಬಾಟಲಿ ಬಿಗಿಯಾದ ಕೂಡಲೇ ಫ್ರಿಜ್ಜಿಗೆ ಸೇರಿಸುವುದು, ಹಣಕ್ಕೆ ಮಾರದಿರುವುದು ಈ ಮೂರನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ಮದ್ಯ ಪಾನೀಯವೆಂದು ಎಣಿಸಲು ಗಾತ್ರದಲ್ಲಿ 0.5 ಪ್ರತಿಶತ ಮದ್ಯಸಾರದ ಗೆರೆ ಎಳೆದಿವೆ. ಆದರೆ ಅಬಕಾರಿ ಕಾಯ್ದೆಯಲ್ಲಿ ಮದ್ಯ ಎಂಬ ಪದದ ಅರ್ಥ ಇದಕ್ಕಿಂತ ವಿಶಾಲವಾದುದರಿಂದ ಆ ಗೆರೆಯನ್ನು ಗುರಾಣಿಯೆಂದು ಯಾರೂ ಭಾವಿಸಬಾರದು. ತಯಾರಿಯಲ್ಲಿ ಎಷ್ಟು ಹಿಂದೆಯೇ ನಿಲ್ಲಬೇಕೆಂಬುದಕ್ಕೆ ಅದೊಂದು ಅಂದಾಜು, ಅಷ್ಟೆ.

ಎಷ್ಟು ಜನ ಎಂಬುದು ಲೆಕ್ಕದ ಪ್ರಶ್ನೆ. ಎಂಟು ಜನರಿದ್ದರೆ ಪ್ರತಿಯೊಬ್ಬರೂ ಎಂಟು ಬಾಟಲಿ ತರಬೇಕು: ಏಳು ಉಳಿದವರಿಗೆ, ಒಂದು ಅಂದೇ ಎಲ್ಲರೂ ಸೇರಿ ರುಚಿ ನೋಡಲು. 330 ಮಿಲಿಲೀಟರಿನ ಬಾಟಲಿಯಾದರೆ ಇದಕ್ಕೆ 2.6 ಲೀಟರ್ ಸಾಕು, ಅಂದರೆ ಮೂರು ಲೀಟರಿನ ಒಂದು ಜಾಡಿಯಲ್ಲಿ ಕೆಲಸ ಮುಗಿಯುತ್ತದೆ. ಹನ್ನೆರಡು ಜನರಾದರೆ ಒಟ್ಟು ಬಾಟಲಿಗಳು 144 ಆಗುತ್ತವೆ, ಪ್ರತಿ ಮನೆಯ ಫ್ರಿಜ್ಜಿನಲ್ಲೂ ಹಬ್ಬದ ಮುನ್ನಾದಿನಗಳಲ್ಲಿ ಹನ್ನೆರಡು ಬಾಟಲಿಗೆ ಜಾಗ ಮಾಡಬೇಕಾಗುತ್ತದೆ, ಮತ್ತು ಹಾಲು, ಮೊಸರು, ಹೋಳಿಗೆಯ ಹೂರಣಗಳ ನಡುವೆ ಆ ಜಾಗ ಕೇಳಿದವರು ಮನೆಯವರಿಂದ ಏನು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಆರರಿಂದ ಎಂಟು ಜನ ಹದವಾದ ಸಂಖ್ಯೆ. ಯಾರು ಯಾವುದರಿಂದ ಮಾಡುತ್ತಾರೆ ಎಂಬುದನ್ನು ಹುಣ್ಣಿಮೆಗೆ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಬೇಕು. ನಾವು ಇದನ್ನು ಮೊದಲ ಸಲ ನಡೆಸಿದಾಗ ಯಾರನ್ನೂ ಏನೂ ಕೇಳಲಿಲ್ಲ. ಅಕ್ಟೋಬರಿನಲ್ಲಿ ಎಳೆಯ ಹಸಿಶುಂಠಿ ಗದ್ದೆಯಿಂದ ಬರತೊಡಗುವ ಜಿಲ್ಲೆ ಇದು. ಎಂಟರಲ್ಲಿ ಆರು ಮಂದಿ ಶುಂಠಿ ಸೋಡಾವನ್ನೇ ತಂದಿದ್ದರು.

ದಿನ ಗೊತ್ತುಮಾಡುವಾಗ ಹಬ್ಬದ ಕೆಲಸಗಳ ಕಡೆ ಗಮನವಿರಬೇಕು. ನೀರು ತುಂಬುವ ಹಬ್ಬದ ಸಂಜೆಯಿಂದ ಗೋಪೂಜೆ ಮುಗಿಯುವವರೆಗೆ ಮಲೆನಾಡಿನ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ಹಬ್ಬ ಕಳೆದ ಮೇಲೆ ಅಡಿಕೆ ಕೊಯ್ಲಿನ ಗಡಿಬಿಡಿ. ಆದ್ದರಿಂದ ನೀರು ತುಂಬುವ ಹಬ್ಬದ ಹಿಂದಿನ ದಿನ, ಅಂದರೆ ಬಹುಳ ದ್ವಾದಶಿ, ನನ್ನ ಮಟ್ಟಿಗೆ ಅತ್ಯಂತ ಅನುಕೂಲದ ದಿನ. ನೌಕರಿಯಲ್ಲಿರುವವರಿಗೆ ಭಾನುವಾರವೇ ಆಗಬೇಕೆಂದಾದರೆ ಅದಕ್ಕೆ ಹಿಂದಿನ ಭಾನುವಾರ ಇಟ್ಟುಕೊಂಡು, ಎಲ್ಲ ತಯಾರಿಯನ್ನೂ ಅಷ್ಟೇ ದಿನ ಹಿಂದಕ್ಕೆ ಸರಿಸಬೇಕು.

ದ್ವಾದಶಿಯಿಂದ ಹಿಂದಕ್ಕೆ ಎಣಿಸಿದರೆ ಕೆಲಸದ ಕ್ರಮ ತಾನಾಗಿ ತಿಳಿಯುತ್ತದೆ. ಭೂಮಿ ಹುಣ್ಣಿಮೆಯ ಮಾರನೆಯ ದಿನ ಶುಂಠಿಯ ಹೆಪ್ಪನ್ನು ಆರಂಭಿಸಬೇಕು: ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ದೊಡ್ಡ ಚಮಚ ತುರಿದ ಶುಂಠಿ, ಒಂದು ದೊಡ್ಡ ಚಮಚ ಸಕ್ಕರೆ ಹಾಕಿ, ಬಟ್ಟೆ ಕಟ್ಟಿ, ಪ್ರತಿದಿನವೂ ಅಷ್ಟಷ್ಟೇ ಸೇರಿಸಿ ಕಲಕುತ್ತಾ ಹೋಗಬೇಕು. ಶುಂಠಿಯ ಮಣ್ಣನ್ನು ಚೆನ್ನಾಗಿ ತೊಳೆಯಬೇಕು, ಆದರೆ ಸಿಪ್ಪೆ ತೆಗೆಯಬಾರದು. ಹುದುಗಿಸುವ ಜೀವಿಗಳು ಇರುವುದು ಸಿಪ್ಪೆಯ ಮೇಲೆಯೇ. ಐದರಿಂದ ಏಳು ದಿನಗಳಲ್ಲಿ ಕಲಕಿದ ಕೂಡಲೇ ಸರ್ರೆಂದು ನೊರೆ ಏಳುತ್ತದೆ. ಏಳನೆಯ ದಿನ ಮೂರು ಲೀಟರಿನಷ್ಟು ನೀರಿನಲ್ಲಿ 150 ಗ್ರಾಂ ಜಜ್ಜಿದ ಶುಂಠಿಯನ್ನೂ 150 ಗ್ರಾಂ ಸಕ್ಕರೆಯನ್ನೂ ಕುದಿಸಿ, ಪೂರ್ತಿ ಆರಿದ ಮೇಲೆ ಮೂರು ನಿಂಬೆಹಣ್ಣಿನ ರಸವನ್ನು, ಸೋಸಿದ ಹೆಪ್ಪು 250 ಮಿಲಿಲೀಟರನ್ನು ಬೆರೆಸಿ ಬಾಟಲಿಗೆ ತುಂಬಬೇಕು. ಬಿಸಿ ಇರುವಾಗಲೇ ಹೆಪ್ಪು ಹಾಕಿದರೆ ಏನಾಗುತ್ತದೆಂದು ಮೊಸರು ಮಾಡುವವರಿಗೆಲ್ಲ ಗೊತ್ತು. ಬಾಟಲಿಗಳು ಹೊರಗೆ ಎರಡರಿಂದ ಮೂರು ದಿನ, ಆಮೇಲೆ ಫ್ರಿಜ್ಜಿನಲ್ಲಿ ಕನಿಷ್ಠ ಎರಡು ದಿನ ಇರಬೇಕು. ಕೊಂಬುಚಾ ಮಾಡುವವರಿಗೆ ಮೊದಲ ಹುದುಗಿಗೇ ಏಳರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ ಅವರು ಹುಣ್ಣಿಮೆಗೆ ಒಂದು ವಾರ ಮೊದಲೇ ಚಹಾ ಕಾಯಿಸಬೇಕು. ಅನಾನಸ್ ಸಿಪ್ಪೆಯವರು ನಿಶ್ಚಿಂತರು, ಅವರಿಗೆ ಜಾಡಿಯಲ್ಲಿ ಎರಡು ಮೂರು ದಿನ ಸಾಕು.

ಈ ದಿನಗಳ ಲೆಕ್ಕ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣಾಂಶಕ್ಕೆ ಹೊಂದುವಂಥದ್ದು. ಶಿವಮೊಗ್ಗ ಪೇಟೆಯಲ್ಲಿ ಅದು ಸುಲಭವಾಗಿ ಸಿಗುತ್ತದೆ. ತೀರ್ಥಹಳ್ಳಿಯ ಆಚೆ ಆಗುಂಬೆಯ ಕಡೆಗೆ ಹೋದಂತೆ ರಾತ್ರಿಗಳು ತಂಪಾಗಿ ಹುದುಗು ನಿಧಾನಿಸುತ್ತದೆ. ದೋಸೆ ಹಿಟ್ಟು ಬೆಳಗ್ಗೆಯ ಹೊತ್ತಿಗೆ ಉಬ್ಬದ ಮನೆಯಲ್ಲಿ ಸೋಡಾವೂ ತಡವಾಗುತ್ತದೆ ಎಂದು ತಿಳಿದು ಎರಡು ದಿನ ಹೆಚ್ಚಿಗೆ ಹಿಡಿಯಬೇಕು, ಅಥವಾ ಬಚ್ಚಲ ಒಲೆಯ ಗೋಡೆಯ ಇನ್ನೊಂದು ಮಗ್ಗುಲಲ್ಲಿ ಜಾಡಿಯನ್ನಿಡಬೇಕು. ಒಲೆಯ ಪಕ್ಕದಲ್ಲೇ ಇಡುವುದು ಬೇಡ, ಹಂಡೆ ಕಾಯುವ ಬಿಸಿಗೆ ಹೆಪ್ಪು ಸತ್ತೀತು.

ಇನ್ನು ಸಕ್ಕರೆ ಮತ್ತು ಅನಿಲದ ವಿಷಯ. ಇದನ್ನು ಸಂಘಟಕರು ಸ್ವತಃ ಅರ್ಥಮಾಡಿಕೊಂಡು, ಬರುವವರಿಗೆಲ್ಲ ತಾಳ್ಮೆಯಿಂದ ಹೇಳಬೇಕು. ಹುದುಗು ಸಕ್ಕರೆಯನ್ನು ತಿಂದಾಗ ತೂಕದಲ್ಲಿ ಸುಮಾರು ಅರ್ಧ ಭಾಗ ಮದ್ಯಸಾರವಾಗಿಯೂ ಇನ್ನರ್ಧ ಇಂಗಾಲದ ಡೈಆಕ್ಸೈಡ್ ಆಗಿಯೂ ಮಾರ್ಪಡುತ್ತದೆ. ಒಂದು ಲೀಟರಿಗೆ ನಾಲ್ಕು ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಎರಡು ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಅನಿಲ ಹುಟ್ಟುತ್ತದೆ. ಜೊತೆಗೆ ಕಾಲು ಪ್ರತಿಶತದಷ್ಟು ಮದ್ಯಸಾರ. ಎಂಟು ಗ್ರಾಂ ಹುದುಗಿದರೆ ನಾಲಿಗೆಗೆ ಚೆನ್ನಾಗಿ ಚುರುಗುಟ್ಟುವ ಸೋಡಾ ಸಿದ್ಧವಾಗುತ್ತದೆ, ಮದ್ಯಸಾರ ಅರ್ಧ ಪ್ರತಿಶತದ ಅಂಚಿಗೆ ಬರುತ್ತದೆ. ನಮಗೆ ಬೇಕಾದುದು ಇಷ್ಟೇ. ಆದರೆ ಮೇಲೆ ಹೇಳಿದ ಶುಂಠಿ ಪಾನಕದಲ್ಲಿ ಲೀಟರಿಗೆ ಐವತ್ತು ಗ್ರಾಂ ಸಕ್ಕರೆ ಇದೆ, ಅನಾನಸ್ ರಸವನ್ನು ನೀರು ಬೆರೆಸದೆ ಹಾಗೆಯೇ ತುಂಬಿದರೆ ಅದರ ಎರಡು ಪಟ್ಟು. ಅಷ್ಟನ್ನೂ ಹುದುಗು ತಿಂದು ಮುಗಿಸಲು ಬಿಟ್ಟರೆ ಒಂದು ಲೀಟರ್ ರಸದಿಂದ ಇಪ್ಪತ್ತೈದು ಲೀಟರಿನಷ್ಟು ಅನಿಲ ಹೊರಡಬೇಕು, ಮತ್ತು ಅದಕ್ಕೆ ಹೊರಡಲು ದಾರಿ ಇರುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಂದು ವರ್ಷ ಗಾಜಿನ ಹಳೆಯ ಶರಬತ್ತಿನ ಬಾಟಲಿಗೆ ಅನಾನಸ್ ರಸ ತುಂಬಿ ನಾಗಂದಿಗೆಯ ಮೇಲಿಟ್ಟು, ಅಡಿಕೆ ಕೆಲಸದಲ್ಲಿ ಮರೆತೆ. ಐದನೆಯ ರಾತ್ರಿ ಅದು ಒಡೆದ ಸದ್ದಿಗೆ ಮನೆಯವರೆಲ್ಲ ಎದ್ದರು. ಗಾಜಿನ ಚೂರೊಂದು ಎದುರು ಗೋಡೆಯ ಸುಣ್ಣದಲ್ಲಿ ನೆಟ್ಟಿತ್ತು. ಅಲ್ಲಿ ಯಾರೂ ಮಲಗಿರಲಿಲ್ಲ ಎಂಬುದಷ್ಟೇ ಸಮಾಧಾನ.

ಆದುದರಿಂದ ಬಾಟಲಿಯ ಆಯ್ಕೆಯನ್ನು ಆಯಾ ಜನರ ಇಷ್ಟಕ್ಕೆ ಬಿಡದೆ ಸಂಘಟಕರೇ ನಿರ್ಧರಿಸುವುದು ಒಳ್ಳೆಯದು. ಅಂಗಡಿಯ ಸೋಡಾ ಅಥವಾ ತಂಪು ಪಾನೀಯ ಬಂದ ಪ್ಲಾಸ್ಟಿಕ್ ಬಾಟಲಿಗಳು ಒತ್ತಡ ತಡೆಯಲೆಂದೇ ಮಾಡಿದವು. ನೋಡಲು ಚೆಂದವಿಲ್ಲದಿದ್ದರೂ ಹೊಸಬರು ಅವನ್ನೇ ಬಳಸಲಿ. ಬೆರಳಿನಿಂದ ಅದುಮಿದಾಗ ಒಳಸರಿಯದಷ್ಟು ಗಟ್ಟಿಯಾದರೆ ಅದು ಫ್ರಿಜ್ಜಿಗೆ ಹೋಗುವ ಹೊತ್ತು. ಗಾಜೇ ಬೇಕೆನ್ನುವವರು ತಂತಿಯ ಕೀಲು, ರಬ್ಬರ್ ಉಂಗುರವಿರುವ ದಪ್ಪ ದುಂಡು ಬಾಟಲಿಗಳನ್ನು ತರಬಹುದು, ಆದರೆ ಅದೇ ಪಾನಕವನ್ನು ಒಂದು ಪ್ಲಾಸ್ಟಿಕ್ ಬಾಟಲಿಗೂ ತುಂಬಿ ಪಕ್ಕದಲ್ಲೇ ಇಟ್ಟುಕೊಳ್ಳಬೇಕು; ಗಾಜನ್ನು ಅದುಮಿ ನೋಡಲಾಗದು, ಅದರ ಒಳಗಿನ ಸ್ಥಿತಿಯನ್ನು ಈ ಜೊತೆಗಾರ ಹೇಳುತ್ತದೆ. ಚೌಕಾಕಾರದ ಬಾಟಲಿ, ಜಾಮಿನ ಬಾಟಲಿ, ಶರಬತ್ತಿನ ಬಾಟಲಿ ಯಾವುದೂ ಕೂಡದು. ಗೋಲಿ ಸೋಡಾ ಬಾಟಲಿಯನ್ನು ಹೈರಮ್ ಕಾಡ್ 1872ರಲ್ಲಿ ರೂಪಿಸಿದ್ದು ಅನಿಲದ ಒತ್ತಡವನ್ನು ತಡೆಯಲೆಂದೇ ಆದರೂ, ಗೋಲಿಯನ್ನು ಕೊರಳಿಗೆ ಕೂರಿಸಲು ತುಂಬುವಾಗಲೇ ಒತ್ತಡ ಬೇಕಾಗುವುದರಿಂದ ಮನೆಯಲ್ಲಿ ಅದನ್ನು ಬಳಸುವ ಆಸೆ ಫಲಿಸುವುದಿಲ್ಲ. ನಾನು ಪ್ರಯತ್ನಿಸಿದ್ದೇನೆ. ಬಾಟಲಿಯನ್ನು ಕಂಠಪೂರ್ತಿ ತುಂಬದೆ ಮೇಲೆ ಒಂದು ಅಂಗುಲ ಖಾಲಿ ಬಿಡಬೇಕು.

ಪಾತ್ರೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹುಳಿ ಪಾನೀಯವು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂಗಳನ್ನು ತಿನ್ನುತ್ತದೆ. ಗಾಜು, ಪಿಂಗಾಣಿ ಭರಣಿ ಅಥವಾ ಸ್ಟೀಲು ಆಗಬಹುದು. ಉಪ್ಪಿನಕಾಯಿ ಇದ್ದ ಭರಣಿಯ ವಾಸನೆ ಎಷ್ಟು ತೊಳೆದರೂ ಮುಚ್ಚಳದ ರಬ್ಬರಿನಿಂದ ಹೋಗುವುದಿಲ್ಲ. ಪೇಟೆಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ, ಹಳ್ಳಿಯ ಬಾವಿ ನೀರು ಮಳೆಗಾಲ ಕಳೆದ ಹೊಸತರಲ್ಲಿ ನಂಬಿಕೆಗೆ ಅರ್ಹವಲ್ಲವಾದ್ದರಿಂದ, ಇಬ್ಬರೂ ಕುದಿಸಿ ಆರಿಸಿಯೇ ಬಳಸಬೇಕು. ಬಾಟಲಿ ತುಂಬುವ ಮುನ್ನ ಹುಳಿಯ ಮಟ್ಟ ತೋರಿಸುವ ಪಿಎಚ್ ಪಟ್ಟಿಯನ್ನು ಅದ್ದಿ ನೋಡುವುದನ್ನು ನಾವು ಕಡ್ಡಾಯ ಮಾಡಿದ್ದೇವೆ: ನಾಲ್ಕಕ್ಕಿಂತ ಕಡಿಮೆ ಇದ್ದರೆ ಸರಿ, ಹೆಚ್ಚಿದ್ದರೆ ನಿಂಬೆರಸವನ್ನೋ ಮುರುಗಲು ಸಿಪ್ಪೆ ನೆನೆಸಿದ ನೀರನ್ನೋ ಸೇರಿಸಬೇಕು. ಅಂಬಲಿಗೆ ಮಾತ್ರ ಈ ಬಾಟಲಿಯ ಉಪಚಾರ ಒಗ್ಗುವುದಿಲ್ಲ. ಅದನ್ನು ತರುವವರು ಪಾತ್ರೆಯಲ್ಲೇ ತಂದು ಅಂದೇ ಕುಡಿಸಲಿ.

ಬಾಟಲಿಗೆ ಅಂಟಿಸುವ ಚೀಟಿಯನ್ನು ಅಲಂಕಾರವೆಂದು ತಿಳಿದವರು ಅದರಲ್ಲಿ ಹೆಸರನ್ನೂ ಹೂವಿನ ಚಿತ್ರವನ್ನೂ ಮಾತ್ರ ಬರೆಯುತ್ತಾರೆ. ಪಡೆದವರಿಗೆ ಬೇಕಾದುದು ಬೇರೆ: ಯಾವ ಯಾವ ಪದಾರ್ಥಗಳಿವೆ, ಯಾವ ದಿನ ಬಾಟಲಿ ತುಂಬಿದ್ದು, ಯಾವ ದಿನ ಫ್ರಿಜ್ಜಿಗೆ ಹೋದದ್ದು, ಲೀಟರಿಗೆ ಎಷ್ಟು ಸಕ್ಕರೆ ಹಾಕಿದ್ದು, ಯಾವ ದಿನದೊಳಗೆ ಕುಡಿಯಬೇಕು. ಜೊತೆಗೆ ‘ಹುದುಗಿಸಿದ್ದು, ಅಲ್ಪ ಮದ್ಯಸಾರವಿರಬಹುದು’ ಎಂಬ ಸಾಲು ತಪ್ಪದೆ ಇರಬೇಕು. ಹಬ್ಬದ ಮನೆಯಲ್ಲಿ ಮಕ್ಕಳಿರುತ್ತಾರೆ, ಬಸುರಿಯರಿರುತ್ತಾರೆ, ವ್ರತ ಹಿಡಿದವರು ಮತ್ತು ಕುಡಿತ ಬಿಟ್ಟು ಗಟ್ಟಿಯಾಗಿ ನಿಂತವರು ಇರುತ್ತಾರೆ. ಸೋಡಾ ಎಂದಷ್ಟೇ ಹೇಳಿ ಅವರ ಮುಂದೆ ಲೋಟ ಇಡುವುದು ಸರಿಯಲ್ಲ. ಜೇನು ಹಾಕಿದ್ದರೆ ಅದನ್ನೂ ಬರೆಯಬೇಕು, ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದರಿಂದ ಪೆನ್ನಿನ ಮಸಿ ಕದಡುತ್ತದೆ, ಪೆನ್ಸಿಲಿನಲ್ಲಿ ಬರೆದದ್ದು ಉಳಿಯುತ್ತದೆ. ಅಂಗಡಿಯ ಗೋಂದಿಗಿಂತ ಅನ್ನದ ಅಗುಳು ಮೇಲು; ಬಾಟಲಿ ವಾಪಸು ಬಂದಾಗ ನೀರಿನಲ್ಲಿ ನೆನೆಸಿದರೆ ಚೀಟಿ ತಾನೇ ಕಳಚಿಕೊಳ್ಳುತ್ತದೆ.

ಸಾಗಿಸುವಾಗ ಬಾಟಲಿಗಳು ನೆಟ್ಟಗೆ ನಿಂತಿರಬೇಕು, ತಣ್ಣಗಿರಬೇಕು, ಒಂದಕ್ಕೊಂದು ತಾಗಬಾರದು. ಅಡಿಕೆ ಹಾಳೆಯನ್ನು ನೆನೆಸಿ ಸುತ್ತಿ, ಸಂದುಗಳಲ್ಲಿ ಒಣಹುಲ್ಲು ತುರುಕಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸಿನ ಜೊತೆ ಇಟ್ಟರೆ ಹೊಸನಗರದ ತಿರುವುಗಳಲ್ಲಿಯೂ ಚಿಂತೆಯಿಲ್ಲ. ಬಸ್ಸಿನಲ್ಲಿ ಬರುವವರು ಡಬ್ಬಿಯನ್ನು ಕಾಲಬುಡದಲ್ಲಿ ಇಟ್ಟುಕೊಳ್ಳಲಿ, ಇಂಜಿನ್ನಿನ ಬಳಿ ಇಡುವುದು ಬೇಡ. ತಲುಪಿದ ಮೇಲೆ ಅರ್ಧ ಗಂಟೆ ಅಲುಗಾಡಿಸದೆ ತಣ್ಣಗೆ ಇಟ್ಟು ಆಮೇಲೆ ತೆರೆಯಬೇಕು.

ವಿನಿಮಯಕ್ಕೆ ಮಧ್ಯಾಹ್ನ ಮೂರು ಗಂಟೆ ಒಳ್ಳೆಯ ಹೊತ್ತು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪನ್ನು ಹೊರಗೆ ಕೊಡಬಾರದೆಂಬ ನಂಬಿಕೆ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಕೊಂಬುಚಾದ ಹೆಪ್ಪು ಆ ಲೆಕ್ಕಕ್ಕೆ ಬರುತ್ತದೆಯೇ ಎಂಬ ಚರ್ಚೆ ಒಮ್ಮೆ ನಮ್ಮಲ್ಲಿ ಅರ್ಧ ಗಂಟೆ ನಡೆದು, ಬೇಗ ಸೇರುವುದೇ ಸುಲಭವೆಂದು ಇತ್ಯರ್ಥವಾಯಿತು. ರುಚಿ ನೋಡುವ ಬಾಟಲಿಗಳನ್ನು ಅಂಗಳದಲ್ಲಿ, ಮುಖದಿಂದ ದೂರ ಹಿಡಿದು, ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ತೆರೆಯಬೇಕು. ಕಡಿಮೆ ಹುಳಿಯದರಿಂದ ಆರಂಭಿಸಿ ಹೆಚ್ಚು ಹುಳಿಯದಕ್ಕೆ ಹೋಗಬೇಕು, ಶುಂಠಿಯನ್ನು ಕೊನೆಗೆ ಇಡಬೇಕು, ಏಕೆಂದರೆ ಅದರ ಖಾರ ಕುಳಿತ ನಾಲಿಗೆಗೆ ಮುಂದಿನದರ ರುಚಿ ತಿಳಿಯುವುದಿಲ್ಲ. ನಡುನಡುವೆ ಒಗ್ಗರಣೆ ಹಾಕದ ಮಂಡಕ್ಕಿ ಮತ್ತು ನೀರು ಸಾಕು. ಅಭಿಪ್ರಾಯವನ್ನು ಬಾಯಲ್ಲಿ ಕೇಳಿದರೆ ನಮ್ಮವರು ‘ಚೆನ್ನಾಗಿದೆ’ ಎಂಬ ಒಂದೇ ಮಾತನ್ನು ಎಂಟು ಸಲ ಹೇಳುತ್ತಾರೆ. ಆದ್ದರಿಂದ ಹೆಸರಿಲ್ಲದ ಚೀಟಿಗಳಲ್ಲಿ ವಾಸನೆ, ಚುರುಕು, ಸಿಹಿ, ಹುಳಿ ಎಂಬ ನಾಲ್ಕರ ಬಗ್ಗೆ ಒಂದೊಂದು ಸಾಲು ಬರೆಸಿ ತಯಾರಿಸಿದವರ ಕೈಗೆ ಕೊಡಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹುದುಗು ಬಳಲಿದೆ ಎಂದರ್ಥ. ಮೂಗಿಗೆ ಚುಚ್ಚುವ ಹುಳಿಯಿದ್ದರೆ ಗಾಳಿಯಾಡಿ ವಿನೆಗರಿನ ಕಡೆ ತಿರುಗಿದೆ. ಜಾಡಿಯ ಮೇಲೆ ತೆಳುವಾದ ಬಿಳಿಯ ಕೆನೆ ಕಟ್ಟಿದ್ದರೆ ಅಪಾಯವಿಲ್ಲ, ರುಚಿ ಕೆಡುತ್ತದೆ. ಹಸಿರು, ಕಪ್ಪು ಅಥವಾ ಹತ್ತಿಯಂತೆ ಬೂಸ್ಟು ಬಂದದ್ದನ್ನು ಮೇಲಿಂದ ತೆಗೆದು ಉಳಿದುದನ್ನು ಉಳಿಸಿಕೊಳ್ಳುವ ಪ್ರಯತ್ನ ಬೇಡ, ಪೂರ್ತಿ ಚೆಲ್ಲಬೇಕು.

ಹಾಗೆ ಚೆಲ್ಲಬೇಕಾಗಿ ಬಂದವರು ನಾಚಿಕೊಂಡು ಬಾರದಿರುವುದೇ ಇಂಥ ಕೂಟಗಳು ಎರಡನೆಯ ವರ್ಷಕ್ಕೆ ನಿಂತುಹೋಗಲು ಕಾರಣವಾಗುತ್ತದೆ. ಮೂರು ದಿನ ಮುಂಚೆ ತಿಳಿಸಿದರೆ ಸಾಕು, ಬಾಟಲಿಯ ಬದಲು ಮುರುಗಲು ಶರಬತ್ತನ್ನೋ ಒಣಗಿದ ಸಿಪ್ಪೆಯನ್ನೋ ತರಬಹುದು, ಏನೂ ಇಲ್ಲದಿದ್ದರೆ ಬರಿಗೈಯಲ್ಲಿ ಬಂದು ಎಲ್ಲಿ ತಪ್ಪಿತೆಂದು ಹೇಳಬಹುದು ಎಂಬ ನಿಯಮವನ್ನು ಮೊದಲೇ ಮಾಡಬೇಕು. ಉಳಿದವರು ತಮ್ಮ ತಮ್ಮ ಹೆಪ್ಪನ್ನು ಒಂದು ಚಿಕ್ಕ ಶೀಶೆಯಲ್ಲಿ ತಂದಿದ್ದರೆ ಕಳಕೊಂಡವರು ಹೊಸತನ್ನು ಒಯ್ಯಬಹುದು. ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗುವ ರೂಢಿ ನಮ್ಮಲ್ಲಿ ಇದ್ದೇ ಇರುವುದರಿಂದ ಇದಕ್ಕೆ ಯಾರನ್ನೂ ಒಪ್ಪಿಸಬೇಕಾಗಿಲ್ಲ.

ಮನೆಗೆ ಒಯ್ದ ಬಾಟಲಿಗಳು ಕೂಡಲೇ ಫ್ರಿಜ್ಜಿಗೆ ಹೋಗಬೇಕು. ಅಲ್ಲಿ ಹುದುಗು ಸಾಯುವುದಿಲ್ಲ, ಮಂಪರಿನಲ್ಲಿರುತ್ತದೆ. ಮಲೆನಾಡಿನಲ್ಲಿ ಒಂದು ಗುಡುಗುಮಳೆಗೆ ಹೋದ ಕರೆಂಟು ಮರುದಿನ ಬಂದರೂ ಬಂತು. ಐದಾರು ಗಂಟೆ ಮೀರಿ ವಿದ್ಯುತ್ ಇಲ್ಲದಿದ್ದರೆ ಬಾಟಲಿಗಳನ್ನು ಹೊರತೆಗೆದು, ಒದ್ದೆ ಗೋಣಿ ಮುಚ್ಚಿ, ಒಂದೊಂದರದೇ ಮುಚ್ಚಳ ಸಡಿಲಿಸಿ ಅನಿಲ ಬಿಟ್ಟು ಮತ್ತೆ ಬಿಗಿಯಬೇಕು, ಅಥವಾ ಅಂದೇ ಕುಡಿದು ಮುಗಿಸಬೇಕು. ಕುಡಿಯುವ ಕಡೆಯ ದಿನವನ್ನು ನಾವು ತುಳಸಿ ಹಬ್ಬಕ್ಕೆ ಇಟ್ಟಿದ್ದೇವೆ, ಬಹುಳ ದ್ವಾದಶಿಯಿಂದ ಉತ್ಥಾನ ದ್ವಾದಶಿಗೆ ಹದಿನೈದು ದಿನ. ಖಾಲಿ ಬಾಟಲಿಗಳು ಅಷ್ಟರೊಳಗೆ ಅವರವರ ಮನೆಗೆ ವಾಪಸಾಗಬೇಕು, ತೊಳೆದು, ಒಣಗಿಸಿ, ಮುಚ್ಚಳವನ್ನು ಬಿಗಿಯದೆ.